ಪಂಡಿತಾ ರಮಾಬಾಯಿಯ ಪ್ರಾರ್ಥನೆ

ಪಂಡಿತಾ ರಮಾಬಾಯಿ ಎಂದ ಕೂಡಲೆ ಮುಂಬಯಿಯಲ್ಲಿ ಬೆಳೆದ ನಮಗೆಲ್ಲ ನೆನಪಾಗುವುದು ಶಾಲೆಯ ಇತಿಹಾಸದ ಪುಸ್ತಕ. ಬಿಳಿ ಸೀರೆ, ಕತ್ತರಿಸಿದ ಕೂದಲು, ವಿಧವೆಯರ ಉದ್ಧಾರ, ಪುಣೆ. ಪರೀಕ್ಷೆಗೆ ಇಷ್ಟು ಸಾಕು. ಮಹಾರಾಷ್ಟ್ರದ ಸಮಾಜ ಸುಧಾರಕರ ಸಾಲಿನಲ್ಲಿ ಇದೂ ಒಂದು ಹೆಸರು ಎಂದು ನಾನೂ ಬಾಯಿಪಾಠ ಮಾಡಿದವನೇ. ಆದರೆ ಆಕೆ ಹುಟ್ಟಿದ್ದು ನಮ್ಮ ಘಟ್ಟದ ಕಾಡಿನಲ್ಲಿ. ತಾಯಿಯನ್ನು ಕಳೆದುಕೊಂಡದ್ದು ರಾಯಚೂರಿನಲ್ಲಿ. ಆಕೆಯ ಮಗಳು ಶಾಲೆ ತೆರೆದದ್ದು ಗುಲ್ಬರ್ಗದಲ್ಲಿ. ಮನೆಮಾತು ಮರಾಠಿಯಾದರೂ ಕನ್ನಡವೂ ಆಕೆಗೆ ಬರುತ್ತಿತ್ತು. ಇದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತುಂಟು?

ಸಂಘದ ಗೆಳೆಯರು ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನಚರಿತ್ರೆ ಬರೆದುಕೊಡು ಎಂದಾಗ ನಾನು ಈ ಹೆಸರನ್ನೇ ಆರಿಸಿಕೊಂಡೆ. ನಾನು ವಾಣಿಜ್ಯದ ವಿದ್ಯಾರ್ಥಿ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ ಎಂಬುದು ಬಿಟ್ಟರೆ ಬರೆಯುವ ಅಧಿಕಾರ ಬೇರೆ ಇಲ್ಲ. ನಡುನಡುವೆ ಮನೆಮಾತು ನುಸುಳಿದರೆ ವಾಚಕರು ಹೊಟ್ಟೆಗೆ ಹಾಕ್ಕೊಳ್ಳಬೇಕು. ರಮಾಬಾಯಿ ಸುಧಾರಕಿ ಎಂಬುದನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಕಾಡಿದ ಪ್ರಶ್ನೆ ಬೇರೆ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಮನುಷ್ಯರು ಪ್ರಾರ್ಥನೆ ಮಾಡುತ್ತಾರೆ. ರಮಾಬಾಯಿಯೂ ಮಾಡಿದರು, ಒಂದು ಸಲ ಅಲ್ಲ, ಆರು ಸಲ. ಆರು ಸಲವೂ ಆ ಮನುಷ್ಯರು ಉಳಿಯಲಿಲ್ಲ. ಆದರೂ ಈ ಹೆಂಗಸು ಕೊನೆಯ ದಿನದವರೆಗೆ ಪ್ರಾರ್ಥನೆ ಬಿಡಲಿಲ್ಲ. ಯಾಕೆ? ಆ ಯಾಕೆ ಎಂಬುದನ್ನು ಹುಡುಕಿಕೊಂಡು ನಾನು ಈ ಜೀವನಚರಿತ್ರೆಯನ್ನು ಓದಿದೆ.

1858ರ ಎಪ್ರಿಲ್ 23ರಂದು ಗಂಗಾಮೂಲದ ಕಾಡಿನಲ್ಲಿ ರಮಾ ಹುಟ್ಟಿದಳು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಜಾಗ ಅದು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಸೇರಿದೆ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳದ ಕಡೆಯವರು, ಚಿತ್ಪಾವನ ಬ್ರಾಹ್ಮಣರು. ಹುಡುಗನಾಗಿದ್ದಾಗ ಪುಣೆಗೆ ಓದಲು ಹೋಗಿದ್ದರು. ಗುರುಗಳ ಜೊತೆ ಪೇಶ್ವೆ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿದ್ದಾಗ ಅಲ್ಲಿನ ರಾಣಿ ಸಂಸ್ಕೃತ ಶ್ಲೋಕ ಓದುವುದನ್ನು ಕೇಳಿ ಬೆರಗಾದರು. ಹೆಂಗಸರೂ ಸಂಸ್ಕೃತ ಕಲಿಯಬಹುದಲ್ಲಾ ಎಂಬ ಆಸೆ ಅಂದೇ ಹುಟ್ಟಿತು. ಮುಂದೆ ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರು ಸುಮ್ಮನಿರುತ್ತದೆಯೆ? ಗಲಾಟೆ ಎದ್ದಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಿ ಹೆಂಗಸರು ಸಂಸ್ಕೃತ ಕಲಿಯುವುದು ತಪ್ಪಲ್ಲ ಎಂದು ವಾದಿಸಿದರು. ಆಮೇಲೆ ಹೆಂಡತಿಯನ್ನು ಕರೆದುಕೊಂಡು ಕಾಡು ಸೇರಿ ಅಲ್ಲಿ ಆಶ್ರಮ ಕಟ್ಟಿದರು.

ಆಶ್ರಮಕ್ಕೆ ಶಿಷ್ಯರು ಬಂದರು, ಯಾತ್ರಿಕರು ಬಂದರು. ಬಂದವರಿಗೆಲ್ಲ ಊಟ ಹಾಕಿ ಹಾಕಿ ಇದ್ದ ಆಸ್ತಿ ಕರಗಿತು. ರಮಾ ಆರು ತಿಂಗಳ ಕೂಸಾಗಿದ್ದಾಗ ಸಂಸಾರ ಕಾಡು ಬಿಟ್ಟಿತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ತಲೆಯ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಅವರಿಗೆ ಮನೆ ಎಂಬುದಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುವುದು, ದೇವಸ್ಥಾನದ ಜಗಲಿಯಲ್ಲೋ ಮರದ ಕೆಳಗೋ ಕೂತು ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಹೊಟ್ಟೆ ಹೊರೆಯುವುದು. ಬೆಳಗಿನ ಜಾವ ಲೋಕ ಏಳುವ ಮೊದಲೇ ತಾಯಿ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದಳು. ಹನ್ನೆರಡು ವರ್ಷ ತುಂಬುವ ಹೊತ್ತಿಗೆ ರಮಾಳಿಗೆ ಭಾಗವತದ ಸಾವಿರಾರು ಶ್ಲೋಕಗಳು ಬಾಯಿಗೆ ಬರುತ್ತಿದ್ದವು. ಶಾಲೆಯ ಮೆಟ್ಟಿಲು ಮಾತ್ರ ಹತ್ತಿದ್ದಿಲ್ಲ.

1870ರ ದಶಕದ ಬರಗಾಲ ಈ ಸಂಸಾರದ ಬೆನ್ನು ಮುರಿಯಿತು. ಮದ್ರಾಸ್ ಪ್ರಾಂತದಲ್ಲಿ ಸುತ್ತುತ್ತಿದ್ದ ಅವರಿಗೆ ಪುರಾಣ ಕೇಳುವವರೂ ಇಲ್ಲವಾದರು, ಕೊಡುವವರೂ ಇಲ್ಲವಾದರು. ತಂದೆಗೆ ಮುಪ್ಪು, ಕಣ್ಣು ಕಾಣಿಸುತ್ತಿರಲಿಲ್ಲ. ಕೂಲಿ ಮಾಡಲು ಗೊತ್ತಿಲ್ಲ, ಬೇಡಲು ನಾಚಿಕೆ. ಇದ್ದುದನ್ನೆಲ್ಲ ಒಂದೊಂದಾಗಿ ಮಾರಿದರು. ಬಂದ ದುಡ್ಡಿನಲ್ಲಿ ಏನು ಮಾಡಿದರು ಗೊತ್ತೆ? ಬ್ರಾಹ್ಮಣರಿಗೆ ದಾನ ಕೊಟ್ಟರು, ದೇವರುಗಳಿಗೆ ಸೇವೆ ಮಾಡಿಸಿದರು. ಉಪವಾಸ, ಜಪ, ಪ್ರದಕ್ಷಿಣೆ ಯಾವುದನ್ನೂ ಬಿಡಲಿಲ್ಲ. ಶಾಸ್ತ್ರದಲ್ಲಿ ಹೇಳಿದ್ದನ್ನೆಲ್ಲ ಮಾಡಿದರೆ ದೇವರು ಕೈಬಿಡಲಾರನು ಎಂಬ ನಂಬಿಕೆ. ಕೊನೆಗೆ ಅಕ್ಕಿಯ ಕಡೆಯ ಕಾಳೂ ಮುಗಿದ ಮೇಲೆ ತಿರುಪತಿಯ ಕಡೆಯ ಕಾಡು ಹೊಕ್ಕು ಹನ್ನೊಂದು ದಿನ ನೀರು, ಎಲೆ, ಕಾಡಿನ ಖರ್ಜೂರ ತಿಂದು ಜೀವ ಹಿಡಿದರು. ತಂದೆ ಪುಣ್ಯತೀರ್ಥದಲ್ಲಿ ಮುಳುಗಿ ಪ್ರಾಣ ಬಿಡುತ್ತೇನೆಂದು ಹೊರಟರು. ಆಗ ಅಣ್ಣ ಶ್ರೀನಿವಾಸ ಅಡ್ಡ ಬಂದು, ಜಾತಿಯ ಅಭಿಮಾನ ಬದಿಗಿಟ್ಟು ತಾನು ಕೂಲಿ ಮಾಡಿ ಎಲ್ಲರನ್ನೂ ಸಾಕುತ್ತೇನೆ ಎಂದು ತಡೆದ. ಆದರೆ ಕಾಡಿನಿಂದ ಹೊರಬಿದ್ದ ಸ್ವಲ್ಪ ದಿನಗಳಲ್ಲೇ ತಂದೆ ತೀರಿಕೊಂಡರು. ಸಾಯುವ ಮೊದಲು ಕಿರಿಯ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಕೊಟ್ಟಿದ್ದೇನೆ, ಅವನನ್ನೇ ಸೇವಿಸಿಕೊಂಡಿರು ಎಂಬರ್ಥದ ಮಾತು ಹೇಳಿದರು. ಅವರ ಮನಸ್ಸಿನಲ್ಲಿದ್ದ ದೇವರು ಬೇರೆ. ಮಗಳು ಮುಂದೆ ಹೋಗಿ ಸೇರಿದ ದಾರಿ ಬೇರೆ. ಆದರೆ ಆ ಮಾತನ್ನು ಮಗಳು ಮರೆಯಲಿಲ್ಲ.

ಉಳಿದವರು ನಡೆದು ನಡೆದು ರಾಯಚೂರಿಗೆ ಬಂದರು. ತಾಯಿಗೆ ಜ್ವರ. ಹಸಿವಿನಿಂದ ಎದ್ದು ಕೂರುವ ಶಕ್ತಿಯಿಲ್ಲ. ಒಂದು ದಿನ ತಾಯಿ ಒಂದು ಚೂರು ಸಜ್ಜೆ ರೊಟ್ಟಿ ಬೇಕೆಂದಳು. ರಮಾ ನೆರೆಮನೆಗೆ ಹೋಗಿ ಬಾಗಿಲಲ್ಲಿ ನಿಂತಳು. ಶಾಸ್ತ್ರಿಗಳ ಮಗಳು, ಸಾವಿರಾರು ಶ್ಲೋಕ ಹೇಳುವವಳು, ರೊಟ್ಟಿ ಕೊಡಿ ಎಂದು ಕೇಳಲು ಬಾಯಿ ಬರಲಿಲ್ಲ. ಕಣ್ಣೀರು ಬಂತು. ಆ ಮನೆಯಾಕೆಗೆ ಮುಖ ನೋಡಿಯೇ ಅರ್ಥವಾಗಿ ರೊಟ್ಟಿ ತಂದುಕೊಟ್ಟಳು. ಅದನ್ನು ತೆಗೆದುಕೊಂಡು ಬಂದರೆ ತಾಯಿಗೆ ನುಂಗಲು ಆಗಲಿಲ್ಲ. ಎಚ್ಚರ ತಪ್ಪಿ ಮಲಗಿದವಳು ಮತ್ತೆ ಏಳಲಿಲ್ಲ. ಹೆಣ ಹೊರಲು ಜನವಿಲ್ಲ. ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು, ಮೂರನೆಯವ ಶ್ರೀನಿವಾಸ, ನಾಲ್ಕನೆಯ ಹೆಗಲು ರಮಾಳದ್ದೇ. ಅವಳು ಗಿಡ್ಡ. ಹೆಗಲು ಕೊಟ್ಟರೆ ಚಟ್ಟ ವಾಲುತ್ತದೆ ಎಂದು ತನ್ನ ಕಡೆಯದನ್ನು ತಲೆಯ ಮೇಲೆ ಹೊತ್ತು ಸ್ಮಶಾನದವರೆಗೆ ನಡೆದಳು. ಇದಾದ ಕೆಲವು ತಿಂಗಳಲ್ಲಿ ಅಕ್ಕ ಕೃಷ್ಣಾಬಾಯಿಯೂ ಕಾಲರಾದಲ್ಲಿ ಹೋದಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಕೌಂಟೆನ್ಸಿಯಲ್ಲಿ ನಾವು ಮೊದಲು ಕಲಿಯುವುದು ಜಮೆಗೆ ಸರಿಯಾಗಿ ಖರ್ಚು, ಖರ್ಚಿಗೆ ಸರಿಯಾಗಿ ಜಮೆ ಇರಬೇಕೆಂದು. ಅನಂತ ಶಾಸ್ತ್ರಿಗಳ ಸಂಸಾರ ದೇವರ ಜೊತೆ ಇಂಥದೇ ಲೆಕ್ಕ ಇಟ್ಟಿತ್ತು. ಇದು ಅವರೊಬ್ಬರದ್ದೇ ಅಲ್ಲ, ಒಂದು ಧರ್ಮದ್ದೂ ಅಲ್ಲ. ಸೆಪ್ಟೆಂಬರಿನಲ್ಲಿ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಹೋದವರಿಗೆ ಗೊತ್ತು: ಕಾಲು ನೋವಿದ್ದವರು ಮೇಣದ ಕಾಲು, ಕೈ ನೋವಿದ್ದವರು ಮೇಣದ ಕೈ ಕೊಂಡು ಮಾತೆಯ ಮುಂದೆ ಇಡುತ್ತಾರೆ. ಹಿಂದೂಗಳು, ಪಾರಸಿಗಳು, ಕ್ರೈಸ್ತರು ಎಲ್ಲರೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ನಗುವ ವಿಷಯವಲ್ಲ ಅದು. ಮನೆಯಲ್ಲಿ ಕಾಯಿಲೆ ಇರುವವರಿಗೆ ಮಾತ್ರ ಅದರ ಹಿಂದಿನ ಸಂಕಟ ತಿಳಿಯುತ್ತದೆ.

ನಮ್ಮ ಮನೆಯಲ್ಲೂ ಕಾಯಿಲೆ ಉಂಟು. ನಾವು ಕರಾವಳಿಯಿಂದ ಬಂದ ಬಾಸೆಲ್ ಮಿಶನ್ ಪರಂಪರೆಯ ಕ್ರೈಸ್ತರು. ಅಪ್ಪನ ಕೆಲಸದ ದೆಸೆಯಿಂದ ಚೆಂಬೂರಿನಲ್ಲಿ ನೆಲೆಸಿದವರು. ನನ್ನ ತಂಗಿಗೆ ಹನ್ನೊಂದನೆಯ ವಯಸ್ಸಿನಲ್ಲಿ ಗಂಟುಗಂಟಿಗೆ ನೋವು, ಜ್ವರ ಬಂತು. ಜ್ವರ ಬಿಟ್ಟಿತು, ಆದರೆ ಹೃದಯದ ಕವಾಟವನ್ನು ಕೆಡಿಸಿಯೇ ಬಿಟ್ಟಿತು. ಈಗ ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್. ಮಾಳಿಗೆ ಹತ್ತಿದರೆ ಏದುಸಿರು. ಮನೆಯಲ್ಲಿ ಪ್ರಾರ್ಥನೆ ಕೂಟ ಆಗುತ್ತದೆ, ಸಭೆಯವರು ಬಂದು ಹಾಡುತ್ತಾರೆ, ಸತ್ಯವೇದ ಓದುತ್ತಾರೆ. ಒಮ್ಮೆ ಬಂದವರೊಬ್ಬರು, ನಿಜವಾದ ವಿಶ್ವಾಸ ಇದ್ದರೆ ಔಷಧ ಯಾಕೆ ಬೇಕು, ಸ್ವಸ್ಥತೆ ಆಗಲಿಲ್ಲವೆಂದರೆ ಮನೆಯಲ್ಲಿ ಎಲ್ಲೋ ವಿಶ್ವಾಸ ಕಡಿಮೆ ಇದೆ ಎಂದರು. ಅಮ್ಮ ಉತ್ತರ ಕೊಡಲಿಲ್ಲ. ಅವರಿಗೆ ಚಾ ಕೊಟ್ಟು ಕಳಿಸಿದಳು. ಇಪ್ಪತ್ತೊಂದನೆಯ ದಿನ ಎಂದಿನ ಹಾಗೆ ತಂಗಿಯನ್ನು ಬಸ್ಸಿಗೆ ಹತ್ತಿಸಿ ಇಂಜೆಕ್ಷನ್ನಿಗೆ ಕರಕೊಂಡು ಹೋದಳು. ದಾರಿಯುದ್ದಕ್ಕೂ ಅವಳ ತುಟಿ ಅಲುಗುತ್ತಿದ್ದುದನ್ನು ನಾನು ನೋಡಿದ್ದೇನೆ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ವಾಸಿಯಾಗದಿದ್ದರೆ ವಿಶ್ವಾಸ ಕಡಿಮೆ ಎಂದೇ ಅರ್ಥವೆ? ಹಾಗಾದರೆ ರಮಾಬಾಯಿಯನ್ನು ಏನೆನ್ನಬೇಕು?

ಕಥೆಗೆ ಬರೋಣ. ಉಳಿದವರು ಅಣ್ಣ, ತಂಗಿ ಇಬ್ಬರೇ. ಉತ್ತರಕ್ಕೆ ನಡೆದರು, ಕಾಶ್ಮೀರದ ತನಕ ಹೋದರು. ಚಳಿಗೆ ಹೊದೆಯಲು ಇಲ್ಲದೆ ನದಿಯ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ಮಲಗಿದ್ದೂ ಉಂಟು. ಅಷ್ಟು ಕ್ಷೇತ್ರ ಸುತ್ತಿದ ಮೇಲೆ ಹಳೆಯ ನಂಬಿಕೆ ಸಡಿಲವಾಯಿತು. 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಈ ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ದಂಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದು ಕೊಟ್ಟರು. ಹೆಣ್ಣುಮಗಳಿಗೆ ಇಂಥ ಬಿರುದು ಎಂದರೆ ಆ ಕಾಲಕ್ಕೆ ಸಾಮಾನ್ಯ ಮಾತೆ? ಬಂಗಾಳದಲ್ಲೆಲ್ಲ ಸ್ತ್ರೀ ಶಿಕ್ಷಣದ ಮೇಲೆ ಭಾಷಣ ಮಾಡಿದರು.

ಸುಖ ಬಂತೆನ್ನುವಾಗಲೇ 1880ರಲ್ಲಿ ಅಣ್ಣ ಹಾಸಿಗೆ ಹಿಡಿದ. ಬರಗಾಲದಲ್ಲಿ ಸವೆದ ದೇಹ. ಅವನಿಗೆ ತನ್ನ ಸಾವಿಗಿಂತ ತಂಗಿ ಒಂಟಿಯಾಗುತ್ತಾಳಲ್ಲ ಎಂಬ ಚಿಂತೆ. ನಮ್ಮಿಬ್ಬರನ್ನೂ ನೋಡಿಕೊಳ್ಳುವವನು ದೇವರೊಬ್ಬನೇ ಎಂದು ರಮಾಬಾಯಿ ಸಮಾಧಾನ ಹೇಳಿದರು. ಹಾಗಾದರೆ ನನಗೆ ಭಯವಿಲ್ಲ ಎಂದು ಅವನು ಕಣ್ಣು ಮುಚ್ಚಿದ. ಆ ಹೊತ್ತಿನಲ್ಲಿ ದೇವರು ತನ್ನ ಹತ್ತಿರವೇ ಇದ್ದಾನೆ ಎಂದು ತನಗೆ ಅನ್ನಿಸಿತು ಎಂದು ರಮಾಬಾಯಿ ಮುಂದೆ ನೆನಪಿಸಿಕೊಂಡಿದ್ದಾರೆ. ಗಮನಿಸಿ: ಆಗ ಆಕೆ ಕ್ರೈಸ್ತಳಲ್ಲ. ಯಾವ ದೇವರು ಎಂದು ಹೆಸರಿಟ್ಟು ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಆದರೆ ಈ ಪ್ರಾರ್ಥನೆಗೂ ತಿರುಪತಿಯ ಕಡೆಯ ಪ್ರಾರ್ಥನೆಗೂ ವ್ಯತ್ಯಾಸ ಉಂಟು. ಇಲ್ಲಿ ಕೊಟ್ಟು ತೆಗೆದುಕೊಳ್ಳುವ ಮಾತಿಲ್ಲ. ಅಣ್ಣ ಉಳಿಯಲಿಲ್ಲ, ಆದರೆ ಹೆದರಿಕೊಂಡು ಸಾಯಲಿಲ್ಲ.

ಅದೇ ವರ್ಷ ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಅವರು ಶೂದ್ರ ಜಾತಿಯವರು. ಮದುವೆ ಆದದ್ದು ರಿಜಿಸ್ಟ್ರಾರರ ಮುಂದೆ. ಎರಡೂ ಕಡೆಯವರು ದೂರ ಸರಿದರು. ಸಿಲ್ಚಾರಿನಲ್ಲಿ ಮನೆ ಮಾಡಿದರು. 1881ರ ಎಪ್ರಿಲ್ 16ರಂದು ಮಗಳು ಮನೋರಮಾ ಹುಟ್ಟಿದಳು. ಆ ಮನೆಯಲ್ಲಿಯೇ ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ರಮಾಬಾಯಿಯ ಕೈಗೆ ಸಿಕ್ಕಿತು. ಓದಿ ಮನಸ್ಸು ತಿರುಗಿತು. ಗಂಡನಿಗೆ ಇಷ್ಟವಾಗಲಿಲ್ಲ. ಮಾತು ಅಲ್ಲಿಗೇ ನಿಂತಿತು, ಯಾಕೆಂದರೆ ಮದುವೆಯಾದ ಹತ್ತೊಂಬತ್ತು ತಿಂಗಳಿಗೆ, 1882ರ ಫೆಬ್ರವರಿಯಲ್ಲಿ, ಕಾಲರಾ ಅವರನ್ನೂ ಒಯ್ದಿತು. ಇಪ್ಪತ್ತಮೂರು ವರ್ಷದ ವಿಧವೆ, ಹತ್ತು ತಿಂಗಳ ಕೂಸು.

ಕೂಸನ್ನು ಎತ್ತಿಕೊಂಡು ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜ ಸ್ಥಾಪಿಸಿದರು. ಸರಕಾರದ ಹಂಟರ್ ಆಯೋಗದ ಮುಂದೆ, ಹೆಂಗಸರಿಗೆ ಹೆಂಗಸರೇ ಅಧ್ಯಾಪಕಿಯರಾಗಬೇಕು, ಹೆಂಗಸರೇ ಡಾಕ್ಟರರಾಗಬೇಕು ಎಂದು ಸಾಕ್ಷ್ಯ ಹೇಳಿದರು. ಮನೆಯಲ್ಲಿ ಇಷ್ಟು ಕಾಯಿಲೆ, ಇಷ್ಟು ಸಾವು ಕಂಡವರ ಬಾಯಲ್ಲಿ ಬರಬೇಕಾದ ಮಾತೇ ಅದು. 1883ರಲ್ಲಿ ಇಂಗ್ಲೆಂಡಿಗೆ ಹೊರಟದ್ದೂ ತಾನೇ ವೈದ್ಯ ವಿದ್ಯೆ ಕಲಿಯಬೇಕೆಂದು. ಆದರೆ ಕಿವಿ ಮಂದವಾಗಿತ್ತು. ಆ ಆಸೆ ಬಿಡಬೇಕಾಯಿತು. ವಾಂಟೇಜ್ ಎಂಬಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಇದ್ದರು. ಆ ಸಿಸ್ಟರುಗಳು ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಲಂಡನ್ನಿನ ಒಂದು ಆಶ್ರಯದಲ್ಲಿ ತಮ್ಮ ಅಕ್ಕತಂಗಿಯರ ಹಾಗೆ ನೋಡಿಕೊಳ್ಳುವುದನ್ನು ಕಂಡರು. ಇಂಥ ಕನಿಕರ ಎಲ್ಲಿಂದ ಬಂತು ಎಂದು ಕೇಳಿದಾಗ ಸಮಾರ್ಯದ ಹೆಂಗಸು ಬಾವಿಯ ಹತ್ತಿರ ಯೇಸುವನ್ನು ಕಂಡ ಕಥೆ ಹೇಳಿದರು. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಹಾಗೆಂದು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರೆಂದು ತಿಳಿಯಬೇಡಿ. ಗುರುಗಳಾದ ಸಿಸ್ಟರುಗಳ ಜೊತೆ ತತ್ವಗಳ ಬಗ್ಗೆ ಪತ್ರದ ಮೇಲೆ ಪತ್ರ ಬರೆದು ವಾದ ಮಾಡಿದರು. ಉಡುಪಿಯ ಸಭೆಯಲ್ಲಿ ವಾದಿಸಿದ ಅಪ್ಪನ ಮಗಳಲ್ಲವೆ? ದೀಕ್ಷಾಸ್ನಾನವಾದಾಗ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿದ್ದು ಸುಮಾರು ಎಂಟು ವರ್ಷದ ಮೇಲೆ ಎಂದು ಆಕೆಯೇ ಹೇಳಿಕೊಂಡಿದ್ದಾರೆ.

1886ರಲ್ಲಿ ಅಮೆರಿಕಕ್ಕೆ ಹೋದರು. ನೆಂಟಳಾದ ಆನಂದೀಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ಕಣ್ಣಾರೆ ನೋಡಿದರು. ಆ ಆನಂದೀಬಾಯಿಯೂ ಮರುವರ್ಷ ಕ್ಷಯದಲ್ಲಿ ತೀರಿಕೊಂಡಳು, ಇಪ್ಪತ್ತೊಂದೇ ವರ್ಷ. ರಮಾಬಾಯಿ ಇಂಗ್ಲಿಷಿನಲ್ಲಿ ಬರೆದ ದಿ ಹೈ ಕಾಸ್ಟ್ ಹಿಂದೂ ವುಮನ್ ಎಂಬ ಪುಸ್ತಕ 1887ರಲ್ಲಿ ಹೊರಬಂತು. ಊರೂರು ತಿರುಗಿ ಭಾಷಣ ಮಾಡಿದರು. ಬಾಸ್ಟನ್ನಿನಲ್ಲಿ ಒಂದು ಸಂಘವಾಗಿ ಹತ್ತು ವರ್ಷ ದುಡ್ಡು ಕೊಡುವುದೆಂದು ಗೊತ್ತಾಯಿತು.

ಆ ದುಡ್ಡಿನಿಂದ 1889ರ ಮಾರ್ಚ್ 11ರಂದು ನಮ್ಮ ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಆರಂಭವಾಯಿತು. ಚರ್ನಿರೋಡ್ ಸ್ಟೇಶನ್ನಿನಲ್ಲಿ ಇಳಿದು ಭೇಲ್‌ಪುರಿ ತಿನ್ನಲು ಹೋಗುವ ನಾವು ಇದನ್ನು ಒಮ್ಮೆ ನೆನೆಯಬೇಕು. ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಈಕೆಯನ್ನೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಕರ್ವೆಯವರು ಕಟ್ಟಿದ ಮಹಿಳಾ ವಿಶ್ವವಿದ್ಯಾಲಯ ಇಂದು ಎಸ್.ಎನ್.ಡಿ.ಟಿ. ಎಂದು ನಮಗೆಲ್ಲ ಪರಿಚಿತ.

1890ರಲ್ಲಿ ಸದನ ಪುಣೆಗೆ ಹೋಯಿತು. ಅಲ್ಲಿ ಜಗಳ ಎದ್ದದ್ದೂ ಪ್ರಾರ್ಥನೆಯಿಂದಲೇ. ಸದನದಲ್ಲಿ ಧರ್ಮ ಕಲಿಸುವುದಿಲ್ಲ ಎಂಬುದು ಕರಾರು. ಹುಡುಗಿಯರು ತಮ್ಮ ಜಾತಿಯ ಕಟ್ಟಳೆ ಪಾಲಿಸಬಹುದಿತ್ತು. ಆದರೆ ರಮಾಬಾಯಿ ಮಗಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡುವಾಗ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂತರು. ಊರಲ್ಲಿ ಗುಲ್ಲಾಯಿತು, ಕೇಸರಿ ಪತ್ರಿಕೆ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಾಂಡಾರ್ಕರ್ ಮೊದಲಾದವರು ಸಲಹಾ ಮಂಡಳಿಗೆ ರಾಜೀನಾಮೆ ಕೊಟ್ಟರು. ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ನಂಬಿ ಕಳಿಸಿದ ತಂದೆತಾಯಿಗಳ ಕೋಪವೂ ಅರ್ಥವಾಗುವಂಥದೇ. ಆದರೆ ತನ್ನ ಕೋಣೆಯಲ್ಲಿ ತನ್ನ ಮಗಳ ಜೊತೆ ಪ್ರಾರ್ಥಿಸಲು ಬಾಗಿಲು ಹಾಕಿಕೊಳ್ಳಬೇಕು ಎಂಬುದನ್ನು ರಮಾಬಾಯಿ ಒಪ್ಪಲಿಲ್ಲ.

1896ರಲ್ಲಿ ಮಧ್ಯ ಪ್ರಾಂತದಲ್ಲಿ ಬರ ಬಂತು. ರಮಾಬಾಯಿಗೆ ರಾಯಚೂರು ನೆನಪಾಯಿತು. ತನ್ನ ಬರಗಾಲದ ಅನುಭವವನ್ನು ಆಕೆ ಬರೆದಿಟ್ಟದ್ದೂ ಈ ಹೊತ್ತಿನಲ್ಲೇ. ಹೊರಟು ಹೋಗಿ ಹಸಿದ ಹುಡುಗಿಯರನ್ನು ಕೈಹಿಡಿದು ಕರೆತಂದರು. ಪುಣೆಯಲ್ಲಿ ಪ್ಲೇಗಿನ ಕಾಲ. ಊರೊಳಗೆ ಹೊಸಬರನ್ನು ಸೇರಿಸುವಂತಿಲ್ಲ. ಪುಣೆಯಿಂದ ದೌಂಡಿಗೆ ಹೋಗುವ ದಾರಿಯಲ್ಲಿ ಕೇಡಗಾಂವ್ ಎಂಬಲ್ಲಿ ಕೊಂಡಿಟ್ಟಿದ್ದ ಹೊಲ ಇತ್ತು. ಅಲ್ಲಿ ಗುಡಿಸಲು ಹಾಕಿ ಎಲ್ಲರನ್ನೂ ಇರಿಸಿದರು. ಅದೇ ಮುಕ್ತಿ ಸದನ. 1900ರಲ್ಲಿ ಗುಜರಾತಿನ ಬರ ಬಂದಾಗ ಅಲ್ಲಿಂದಲೂ ಕರೆತಂದರು. ಒಟ್ಟು ಎರಡು ಸಾವಿರದ ಹತ್ತಿರ ಬಂತು ಸಂಖ್ಯೆ. ಬಾವಿ ತೋಡಿಸಿದರು, ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ ಹಾಕಿದರು. ಕುರುಡರಿಗೆ ಬ್ರೈಲ್ ಕಲಿಸಿದರು. ಒಂದು ಚೂರು ರೊಟ್ಟಿ ಕೇಳಲು ಬಾಯಿ ಬಾರದ ಹುಡುಗಿ ಈಗ ದಿನಾ ಎರಡು ಸಾವಿರ ಜನಕ್ಕೆ ರೊಟ್ಟಿ ಬೇಯಿಸುವ ಒಲೆ ಉರಿಸುತ್ತಿದ್ದರು.

ಪ್ಲೇಗಿನ ಸಮಯದ ಇನ್ನೊಂದು ಸಂಗತಿ ಹೇಳಲೇಬೇಕು. ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲ ಎಂದು 1897ರಲ್ಲಿ ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದರು. ಮಾತು ಲಂಡನ್ನಿನ ಪಾರ್ಲಿಮೆಂಟಿನ ತನಕ ಹೋಯಿತು. ಮುಂಬಯಿ ಗವರ್ನರರು ಆಕೆಯ ದೂರನ್ನು ಅಲ್ಲಗಳೆದರು. ಆಕೆ ಹಿಂಜರಿಯಲಿಲ್ಲ. ಮೊಣಕಾಲೂರಿ ಪ್ರಾರ್ಥಿಸುವವರು ಎದ್ದು ನಿಂತು ಸರಕಾರವನ್ನೂ ಕೇಳಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

1905ರ ಜನವರಿಯಲ್ಲಿ ಮುಕ್ತಿಯಲ್ಲಿ ಬೆಳಗಿನ ಪ್ರಾರ್ಥನೆಯ ಗುಂಪು ಶುರುವಾಯಿತು. ಮೊದಲಿಗೆ ಬಂದವರು ಸುಮಾರು ಎಪ್ಪತ್ತು. ಜೂನ್ ತಿಂಗಳಿಗೆ ದಿನಕ್ಕೆ ಎರಡು ಸಲ ಕೂಡುವವರು 550. ಆ ಮಳೆಗಾಲದಲ್ಲಿ ಹುಡುಗಿಯರು ಅತ್ತು, ಹಾಡಿ, ಗಟ್ಟಿಯಾಗಿ ಪ್ರಾರ್ಥಿಸಿದ ಸುದ್ದಿ ದೇಶವಿದೇಶದ ಕ್ರೈಸ್ತರಿಗೆಲ್ಲ ಮುಟ್ಟಿತು. ಆ ಗದ್ದಲದ ನಡುವೆಯೂ ರಮಾಬಾಯಿ ಮಾಡುತ್ತಿದ್ದ ಕೆಲಸ ಮೌನದ್ದು. ಕೂಲಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಯಲ್ಲಿ ಸತ್ಯವೇದ ಇರಬೇಕೆಂದು, ಹೀಬ್ರೂ, ಗ್ರೀಕ್ ಭಾಷೆ ಕಲಿತು, ಇಡೀ ಗ್ರಂಥವನ್ನು ಒಬ್ಬರೇ ಅನುವಾದಿಸಲು ಕೂತರು. ಅಕ್ಷರ ಜೋಡಿಸಿದವರು, ಅಚ್ಚು ಹಾಕಿದವರು ಬರಗಾಲದಿಂದ ಬಂದ ಅದೇ ಹುಡುಗಿಯರು.

ಮನೋರಮಾ ದೊಡ್ಡವಳಾಗಿದ್ದಳು. ಅಮೆರಿಕದಲ್ಲಿ ಓದಿ ಬಂದು ತಾಯಿಯ ಬಲಗೈಯಾದಳು. 1917ರಲ್ಲಿ ಬಿ.ಎ. ಮಾಡಿದಳು. 1912-13ರ ಸುಮಾರಿಗೆ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು. ಅಜ್ಜಿ ಹಸಿವಿನಿಂದ ಸತ್ತ ರಾಯಚೂರಿನಿಂದ ಅದು ಬಹಳ ದೂರವಲ್ಲ. ರಮಾಬಾಯಿಗೆ ಕಿವಿ ಪೂರ್ತಿ ಮಂದವಾಗುತ್ತ ಬಂದಂತೆ ಮಗಳೇ ಕಿವಿಯಾದಳು. ತನ್ನ ನಂತರ ಮುಕ್ತಿಯ ಭಾರ ಹೊರುವವಳು ಇವಳೇ ಎಂದು ತಾಯಿ ನೆಮ್ಮದಿಯಲ್ಲಿದ್ದರು. ಆದರೆ ದುಡಿದು ದುಡಿದು ಮನೋರಮಾಳ ಆರೋಗ್ಯ ಕೆಟ್ಟಿತು, ಹೃದಯ ಸೋತಿತು.

ಮುಕ್ತಿಯಲ್ಲಿ ಪ್ರಾರ್ಥನೆಗೆ ಕೊರತೆಯಿತ್ತೆ? ದಿನಾ ನೂರಾರು ಬಾಯಿಗಳು ಪ್ರಾರ್ಥಿಸುವ ಊರು ಅದು. ಆದರೂ ಮನೋರಮಾಳನ್ನು ಮಿರಜಿನ ಆಸ್ಪತ್ರೆಗೆ ಸೇರಿಸಿದರು. ಬೆಳಗಾವಿ, ವಿಜಾಪುರದ ಕಡೆಯವರಿಗೆ ಮಿರಜಿನ ಹೆಸರು ಗೊತ್ತೇ ಉಂಟು. ದೊಡ್ಡ ಕಾಯಿಲೆಯೆಂದರೆ ರೈಲು ಹತ್ತಿ ಹೋಗುವುದು ಅಲ್ಲಿಗೆ. ಇದನ್ನು ಓದಿದ ದಿನ ನನಗೆ ನಮ್ಮ ಅಮ್ಮನ ಇಪ್ಪತ್ತೊಂದನೆಯ ದಿನದ ಬಸ್ಸು ನೆನಪಾಯಿತು. ಔಷಧವೂ ಬೇಕು, ಪ್ರಾರ್ಥನೆಯೂ ಬೇಕು. ಒಂದು ಇನ್ನೊಂದಕ್ಕೆ ಎದುರಲ್ಲ. ಮುಕ್ತಿ ಸದನ ಕಟ್ಟಿದವರ ಮನೆಯಲ್ಲೇ ಹೀಗಿದ್ದರೆ ನಮ್ಮಂಥವರ ಮನೆಯಲ್ಲಿ ವಿಶ್ವಾಸ ಕಡಿಮೆ ಎಂದು ಯಾರು ಹೇಳಬೇಕು?

1921ರ ಜುಲೈ 24ರಂದು ಮನೋರಮಾ ತೀರಿಕೊಂಡಳು. ವಯಸ್ಸು ನಲವತ್ತು. ಆರನೆಯ ಸಾವು. ತಾಯಿಯ ವಯಸ್ಸು ಅರವತ್ತಮೂರು, ಮೈಯಲ್ಲಿ ಶಕ್ತಿ ಇರಲಿಲ್ಲ. ಬೇರೆಯವರಾದರೆ ದೇವರನ್ನು ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೈದರೂ ಯಾರೂ ತಪ್ಪೆನ್ನಲಾರರು. ರಮಾಬಾಯಿ ಮತ್ತೆ ಅನುವಾದದ ಮೇಜಿಗೆ ಹೋಗಿ ಕೂತರು.

ಆರು ಸಾವುಗಳನ್ನು ನಾನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿದೆ. ಪ್ರತಿಯೊಂದರ ಎದುರು ಅದರ ನಂತರ ಆಕೆ ಏನು ಮಾಡಿದರು ಎಂದು ಬರೆದೆ. ತಾ‌ಯಿಯ ಹಸಿವಿನ ಸಾವಿನ ಎದುರು ಕೇಡಗಾಂವಿನ ಒಲೆಗಳು. ಅಣ್ಣನ ಸಾವಿನ ಎದುರು ಹೆದರಿಕೆಯಿಲ್ಲದೆ ಒಂಟಿಯಾಗಿ ನಡೆದ ದಾರಿ. ಗಂಡನ ಸಾವಿನ ಎದುರು ವಿಧವೆಯರ ಶಾರದಾ ಸದನ. ಇದು ಲಾಭನಷ್ಟದ ಪಟ್ಟಿ ಅಲ್ಲ. ಎರಡು ಸಾವಿರ ಜನ ಉಂಡರು ಎಂದು ತಾಯಿ ಸತ್ತದ್ದು ಸರಿಹೋಗುವುದಿಲ್ಲ. ಆ ಲೆಕ್ಕ ಯಾವ ಕಾಲಕ್ಕೂ ತಾಳೆಯಾಗುವಂಥದಲ್ಲ. ನನಗೆ ತಿಳಿದದ್ದು ಇಷ್ಟು: ಬಾಲ್ಯದಲ್ಲಿ ಆಕೆಗೆ ಪ್ರಾರ್ಥನೆ ಎಂದರೆ ಕೊಡುವ ಬೆಲೆ, ಕೊಟ್ಟರೆ ಜೀವ ಸಿಗಬೇಕು. ದೊಡ್ಡವರಾದ ಮೇಲೆ ಪ್ರಾರ್ಥನೆ ಎಂದರೆ ಹಾಸಿಗೆಯ ಪಕ್ಕದಲ್ಲಿ ಒಂಟಿಯಲ್ಲ ಎಂಬ ಧೈರ್ಯ, ಮತ್ತು ಮರುದಿನ ಬೆಳಗ್ಗೆ ಏಳುವ ಶಕ್ತಿ. ಮೊದಲನೆಯದು ಒಂದು ಬರಗಾಲಕ್ಕೆ ಮುಗಿದುಹೋಯಿತು. ಎರಡನೆಯದು ನಲವತ್ತು ವರ್ಷ ಬಾಳಿತು. ಕ್ರೈಸ್ತರಲ್ಲದ ಗೆಳೆಯರು ಆ ಶಕ್ತಿಗೆ ಬೇರೆ ಹೆಸರು ಇಡಬಹುದು, ನನ್ನ ತಕರಾರಿಲ್ಲ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಎಲ್ಲರಿಗೂ ಅದು ಬೇಕು.

ಮನೋರಮಾ ಹೋದ ಎಂಟು ತಿಂಗಳ ಮೇಲೆ ರಮಾಬಾಯಿಯೂ ಹಾಸಿಗೆ ಹಿಡಿದರು. ಸತ್ಯವೇದದ ಕಡೆಯ ಹಾಳೆಗಳ ಕರಡು ತಿದ್ದುವುದು ಬಾಕಿ ಇತ್ತು. ಮುಕ್ತಿಯವರು ಹೇಳಿಕೊಂಡು ಬಂದ ಮಾತೊಂದಿದೆ: ಆಗ ಆಕೆ ದೇವರಲ್ಲಿ ಇನ್ನು ಹತ್ತು ದಿನ ಮಾತ್ರ ಕೇಳಿಕೊಂಡರಂತೆ, ಕೆಲಸ ಮುಗಿಸಲು. ತಂದೆಗಾಗಿ, ತಾಯಿಗಾಗಿ, ಅಣ್ಣನಿಗಾಗಿ, ಮಗಳಿಗಾಗಿ ಇಡೀ ಆಯುಷ್ಯ ಕೇಳಿದವರು ತನಗಾಗಿ ಕೇಳಿದ್ದು ಹತ್ತು ದಿನ. ಕರಡು ತಿದ್ದಿ ಮುಗಿಯಿತು. 1922ರ ಎಪ್ರಿಲ್ 5ರಂದು ಅವರು ನಿದ್ದೆಯಲ್ಲೇ ತೀರಿಕೊಂಡರು. ಆ ಗ್ರಂಥ ಪೂರ್ತಿ ಅಚ್ಚಾಗಿ ಹೊರಬಂದದ್ದು 1924ರಲ್ಲಿ. 1989ರಲ್ಲಿ ಭಾರತ ಸರಕಾರ ಆಕೆಯ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಕೇಡಗಾಂವಿನಲ್ಲಿ ಮುಕ್ತಿ ಸದನ ಇಂದಿಗೂ ನಡೆಯುತ್ತಿದೆ. ಅಲ್ಲಿ ಈಗಲೂ ಅನಾಥ ಹುಡುಗಿಯರಿಗೆ ದಿನಾ ರೊಟ್ಟಿ ಬೇಯುತ್ತದೆ.